ಅವ್ವನ ಹಾಡು, ನನ್ನ ಹನ್ನೊಂದು ಟ್ರ್ಯಾಕ್

ಭಾಗ 1/3

ಈ ಸರಣಿ ಓದ್ತಿರೋರಿಗೆ ಗೊತ್ತೈತಿ, ನನ್ನ ಸ್ಟುಡಿಯೋ ಅಂದ್ರೆ ಒಂದು ಫೋನು, ಒಂದು ಇಯರ್‌ಫೋನು, ಎರಡು ಕೌದಿ. ಇವತ್ತು ನಾನೇ ಕೈಯಾರೆ ಕೆಡಿಸಿದ ಒಂದು ಹಾಡಿನ ಬಗ್ಗೆ.

ನಮ್ಮವ್ವ ಭತ್ತದ ಸಸಿ ಹಚ್ಚುವಾಗ ಚೆಂದ ಹಾಡ್ತಾಳೆ. ಆದರೆ ಫೋನ್ ಮುಂದೆ ಹಿಡಿದ್ರೆ ನಾಚಿಕೆ. ಹಠ ಮಾಡಿ ಒಂದು ರಾತ್ರಿ ಫ್ಯಾನ್ ಆಫ್ ಮಾಡಿ, ಗೋಡೆಗೆ ಕೌದಿ ನೇತುಹಾಕಿ, ಒಂದೇ ಹಾಡನ್ನ ಮೂರು ಸಲ ಹಾಡಿಸಿದೆ. ಆಮೇಲೆ ಬ್ಯಾಂಡ್‌ಲ್ಯಾಬ್ ತೆಗೆದು ಡ್ರಮ್ಸ್, ಬೇಸ್, ಎರಡು ಸಿಂಥ್, ಕೊಳಲು, ಚಪ್ಪಾಳೆ ಅಂತ ಸೇರಿಸ್ತಾ ಹೋದೆ. ಒಟ್ಟು ಹನ್ನೊಂದು ಟ್ರ್ಯಾಕ್. ಬೀಟ್‌ಗೆ ಕೂಡಲಿಲ್ಲ ಅಂತ ಅವ್ವನ ದನಿಯನ್ನೇ ಕತ್ತರಿಸಿ ಕೂರಿಸಿದೆ.

ಗೆಳೆಯರು "ಬೆಂಕಿ ಲೇ" ಅಂದ್ರು. ಅವ್ವ ಪೂರ್ತಿ ಕೇಳಿ ಒಂದೇ ಮಾತು ಅಂದಳು: "ಇದರಾಗ ನಾ ಎಲ್ಲದೀನಿ?"

ಆಮೇಲೆ ಎರಡು ತಿಂಗಳು, ನಾನು ಫೋನ್ ಹಿಡಿದು ಹತ್ತಿರ ಹೋದ್ರೆ ಎದ್ದು ಒಳಗೆ ಹೋಗೋಳು.

ಭಾಗ 2/3

ತಪ್ಪು ಎಲ್ಲಿತ್ತು?

ಒಂದು, ಹನ್ನೊಂದು ಟ್ರ್ಯಾಕೂ ಮೊದಲ ಸೆಕೆಂಡಿನಿಂದ ಕೊನೆಯವರೆಗೆ ಓಡ್ತಿದ್ವು. ಪಂಕ್ತಿಯಲ್ಲಿ ಕೂತ ಕೂಡಲೇ ಹೋಳಿಗೆ, ಅನ್ನ, ಸಾರು, ಮಜ್ಜಿಗೆ ಎಲ್ಲಾ ಒಮ್ಮೆಲೇ ಎಲೆಗೆ ಸುರಿದಂಗ. ಮುಂದೆ ಏನು ಬರ್ತದ ಅಂತ ಕಾಯೋ ಮಜಾನೇ ಇಲ್ಲ. ಹಾಡಿಗೆ ಜೋಶ್ ಬರೋದು ಸೌಂಡಿನಿಂದಲ್ಲ, ಬದಲಾವಣೆಯಿಂದ.

ಎರಡು, ಮಾತು ಸ್ಪಷ್ಟ ಕೇಳಿಸೋದು ಸುಮಾರು 1ರಿಂದ 4 ಕಿಲೋಹರ್ಟ್ಸ್ ನಡುವೆ. ನನ್ನ ಸಿಂಥು, ಕೊಳಲು ಎರಡೂ ಅಲ್ಲೇ ಗುಂಪು ಕಟ್ಟಿದ್ವು. ಬಿಕಾಂನೋರಿಗೆ ಹೇಳೋದಾದ್ರೆ, ಇದು ಡಬಲ್ ಎಂಟ್ರಿ: ಒಂದಕ್ಕೆ ಜಾಗ ಕೊಡಬೇಕಾದ್ರೆ ಇನ್ನೊಂದರಿಂದ ತೆಗೀಲೇಬೇಕು.

ಬಿಲ್ಲಿ ಐಲಿಶ್‌ಳ 2019ರ ಆಲ್ಬಮ್ ಹೆಚ್ಚಾಗಿ ತಯಾರಾಗಿದ್ದು ಅವಳ ಅಣ್ಣ ಫಿನಿಯಸ್‌ನ ಮಲಗೋ ಕೋಣೆಯಲ್ಲಿ. 2020ರಲ್ಲಿ ಅದಕ್ಕೆ ಗ್ರ್ಯಾಮಿ ಬಂತು. ಅದರಲ್ಲಿ ಎಷ್ಟು ಖಾಲಿ ಜಾಗ ಬಿಟ್ಟಾರೆ ಅಂತ ಗಮನಿಸ್ರಿ. ಹಂಗೇ 1990ರ 'ಸಂತ ಶಿಶುನಾಳ ಷರೀಫ' ಸಿನಿಮಾಕ್ಕೆ ಸಿ. ಅಶ್ವತ್ಥ್ ಮಾಡಿದ ಹಾಡುಗಳನ್ನ ಇಯರ್‌ಫೋನ್ ಹಾಕ್ಕೊಂಡು ಕೇಳ್ರಿ. ದನಿ ಮುಂದೆ, ವಾದ್ಯ ಅದರ ಹಿಂದೆ.

ಭಾಗ 3/3

ಮತ್ತೆ ಕೂತೆ. ಏಳು ಟ್ರ್ಯಾಕ್ ಡಿಲೀಟ್. ಅವ್ವನ ದನಿಯನ್ನ ಕತ್ತರಿಸದ ಮೂಲಕ್ಕೆ ವಾಪಸ್ ತಂದೆ.

ಮೊದಲ ನುಡಿಗೆ ದನಿ ಮಾತ್ರ. ಎರಡನೇದಕ್ಕೆ ದಮ್ಮಡಿ. ಬಾರಿಸಿದ ಗೆಳೆಯ ಅವ್ವನ ದನಿ ಕೇಳ್ತಾ, ಅವಳ ನಡಿಗೆಗೇ ಬಾರಿಸಿದ. ಮೂರನೇ ನುಡಿಗೆ ಮುಂಚೆ ಒಂದು ಉಸಿರಿನಷ್ಟು ಪೂರ್ತಿ ಮೌನ, ಆಮೇಲೆ ಬೇಸ್. ಕೊನೆಯ ಪಲ್ಲವಿಗೆ ಅವತ್ತಿನ ಇನ್ನೆರಡು ಟೇಕ್‌ಗಳನ್ನ ಸಣ್ಣಗೆ ಒಂದು ಎಡಕ್ಕೆ, ಒಂದು ಬಲಕ್ಕೆ ಇಟ್ಟೆ. ನಾಲ್ಕು ಮಂದಿ ಹೆಂಗಸರು ಸೇರಿ ಹಾಡಿದಂಗ ಆಯ್ತು.

ದನಿಯಲ್ಲಿ 100 ಹರ್ಟ್ಸ್‌ಗಿಂತ ಕೆಳಗಿನ ಗುರುಗುರು ತೆಗೆದೆ, 300ರ ಆಸುಪಾಸು ಸ್ವಲ್ಪ ಇಳಿಸಿದೆ. ಎಕೋಗೆ ಆ್ಯಪ್ ಬೇಕಾಗಲಿಲ್ಲ. ಟೂರಿಸ್ಟ್‌ಗಳು ಏಳೋಕೆ ಮುಂಚೆ ಕೆರೆ ಕಡೆ ಹೋಗಿ, ಎರಡು ದೊಡ್ಡ ಬಂಡೆ ನಡುವಿನ ಸಂದಿಯಲ್ಲಿ ಬ್ಲೂಟೂತ್ ಸ್ಪೀಕರ್ ಇಟ್ಟು ಹಾಡು ಬಿಟ್ಟೆ, ದೂರದಿಂದ ಫೋನಿನಲ್ಲಿ ಹಿಡಿದೆ. ಅದನ್ನ ಮೂಲ ದನಿಯ ಕೆಳಗೆ ಸಣ್ಣಗೆ ಸೇರಿಸಿದೆ. ಲಂಡನ್ನಿನ ಅಬ್ಬೆ ರೋಡ್ ಸ್ಟುಡಿಯೋದಲ್ಲೂ ಖಾಲಿ ಕೋಣೆಯಲ್ಲಿ ಸ್ಪೀಕರ್, ಮೈಕ್ ಇಟ್ಟು ಇದನ್ನೇ ಮಾಡ್ತಿದ್ರು. ನಮಗೆ ಸಾಣಾಪುರದ ಬಂಡೆ ಪುಕ್ಕಟೆ.

ಒಂದು ಎಚ್ಚರಿಕೆ: ಹಳೇದು ಹೊಸದು ಹೋಲಿಸುವಾಗ ಎರಡರ ವಾಲ್ಯೂಮ್ ಒಂದೇ ಇರಲಿ. ಇಲ್ಲಾಂದ್ರೆ ಜೋರಾಗಿದ್ದೇ ಚೆಂದ ಅನ್ನಿಸ್ತದೆ. ಆಮೇಲೆ ತೀರಾ ಸಣ್ಣಗೆ ಇಟ್ಟು ಕೇಳ್ರಿ. ಆಗಲೂ ಮಾತು ತಿಳಿದ್ರೆ ಮಿಕ್ಸ್ ಸರಿ ಐತಿ.

ನಿನ್ನೆ ರಾತ್ರಿ ಅವ್ವ ಕಾಳು ಹಸನು ಮಾಡ್ತಿದ್ಳು. ಏನೂ ಹೇಳದೆ ಹಾಡು ಹಚ್ಚಿದೆ. ಕೈ ನಿಲ್ಲಿಸಿ ಕೇಳಿದಳು. ಮುಗಿದ ಮೇಲೆ:

"ಎರಡನೇ ನುಡಿಯಾಗ ತಪ್ಪು ಹಾಡೀನಿ. ನಾಳಿ ಮತ್ತೊಮ್ಮೆ ರೆಕಾಡ ಮಾಡು."

ಇವತ್ತು ರಾತ್ರಿ ಮತ್ತೆ ಫ್ಯಾನ್ ಆಫ್.

ನಿಮ್ಮ ಮನ್ಯಾಗ ಯಾರು ಹಾಡ್ತಾರೆ? ಕಾಮೆಂಟ್‌ನಾಗ ಹೇಳ್ರಿ.

#ಮನೆಸ್ಟುಡಿಯೋ #ಸಾಣಾಪುರ #ಅವ್ವನಹಾಡು