ಹೆಸರು ಒಂದೇ ಇರಲಿ

ನಮ್ಮೂರನ್ನು ಮುಳಬಾಗಿಲು, ಮುಳಬಾಗಲು, ಮುಳಬಾಗಲ್ ಎಂದು ಹೇಗೆ ಕರೆದರೂ ಕೋಲಾರದ ಬಸ್ ಕಂಡಕ್ಟರ್ ಟಿಕೆಟ್ ಕೊಡುತ್ತಾರೆ. ಕಂಪ್ಯೂಟರ್ ಹಾಗಲ್ಲ.

ಕಳೆದ ತಿಂಗಳು ಅಣ್ಣನ ಹಳೆಯ ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ಒಂದು ಸಿ ಪ್ರೋಗ್ರಾಂ ಬರೆದೆ. ಉತ್ತರ ತಪ್ಪು ಬರುತ್ತಿತ್ತು. ಕಂಪೈಲರ್ ಎಚ್ಚರಿಕೆಗಳನ್ನು ತೋರಿಸಬೇಕಾದರೆ ಆ ಸೂಚನೆಯನ್ನು 'ಸಿಫ್ಲ್ಯಾಗ್ಸ್' ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಇಡಬಹುದು. ನಾನು ಕೊನೆಯ 'ಎಸ್' ಬಿಟ್ಟಿದ್ದೆ. ಬಿಲ್ಡ್ ಮಾಡುವ 'ಮೇಕ್' ಏನೂ ಹೇಳಲಿಲ್ಲ. ತನಗೆ ಬೇಕಾದ ಹೆಸರು ಸಿಗದಿದ್ದರೆ ಅದು ಖಾಲಿ ಎಂದುಕೊಂಡು ಮುಂದೆ ಹೋಗುತ್ತದೆ. ಎಚ್ಚರಿಕೆ ಇಲ್ಲವಲ್ಲ ಎಂದು ನಾನು ತಪ್ಪನ್ನು ಬೇರೆಲ್ಲೋ ಹುಡುಕಿದೆ. ಎರಡು ಸಂಜೆ ಹಾಳಾಯಿತು.

ಅಣ್ಣ ನಕ್ಕ. ಅಬ್ಬಾ ಕೇಳಿದರು: "ನಿನ್ನ ಸ್ಕಾಲರ್‌ಶಿಪ್ ಮರೆತೆಯಾ?" ಅವನ ಆಧಾರ್‌ನಲ್ಲಿ 'ಮೊಹಮ್ಮದ್' ಪೂರ್ತಿ ಇತ್ತು, ಅಂಕಪಟ್ಟಿಯಲ್ಲಿ ಬರೀ 'ಎಂಡಿ'. ಆ ವರ್ಷದ ಹಣ ಬರಲೇ ಇಲ್ಲ. ಅಣ್ಣ ಸುಮ್ಮನಾದ.

ಈಗ ಮಾಲೂರು, ಶ್ರೀನಿವಾಸಪುರದ ಗೆಳತಿಯರ ಜೊತೆ ಪ್ರಾಜೆಕ್ಟ್ ಶುರು ಮಾಡುವ ಮೊದಲು ಹೆಸರುಗಳ ಪಟ್ಟಿ ಬರೆಯುತ್ತೇವೆ. ಲಿನಕ್ಸ್‌ಗೆ ದೊಡ್ಡಕ್ಷರದ ಹೆಸರೇ ಬೇರೆ, ಚಿಕ್ಕಕ್ಷರದ್ದೇ ಬೇರೆ. ಆದ್ದರಿಂದ ಎಲ್ಲವೂ ದೊಡ್ಡಕ್ಷರ, ಪದಗಳ ನಡುವೆ ಅಂಡರ್‌ಸ್ಕೋರ್.

ನೀವೂ ನಿಮ್ಮ ಆಧಾರ್ ಮತ್ತು ಅಂಕಪಟ್ಟಿಯನ್ನು ಇವತ್ತೇ ಪಕ್ಕಪಕ್ಕ ಇಟ್ಟು ನೋಡಿ.