ಮಾರಿಕುಪ್ಪಂ ಗಾಡಿಯಲ್ಲಿ ಒಂದು ಶನಿವಾರ

ಬಂಗಾರಪೇಟೆ ಸ್ಟೇಷನ್ನಿನಲ್ಲಿ ಮಾರಿಕುಪ್ಪಂ ಗಾಡಿಗೆ ಕಾಯುತ್ತ ಕೂರುವುದೆಂದರೆ ನನಗೆ ಚಿಕ್ಕಂದಿನಿಂದಲೂ ಇಷ್ಟ. ದೊಡ್ಡ ದೊಡ್ಡ ಗಾಡಿಗಳು ಒಂದು ಕಡೆ ಮದ್ರಾಸಿಗೆ, ಇನ್ನೊಂದು ಕಡೆ ಬೆಂಗಳೂರಿಗೆ ಧಡಧಡನೆ ಓಡುತ್ತಿರುತ್ತವೆ. ನಮ್ಮ ಗಾಡಿ ಮಾತ್ರ ಪಕ್ಕಕ್ಕೆ ಹೊರಳಿಕೊಂಡು 16 ಕಿಲೋಮೀಟರ್ ಹೋಗಿ ನಿಂತುಬಿಡುತ್ತದೆ. ಅದರಾಚೆ ಹಳಿಯಿಲ್ಲ. ಕೋಲಾರದ ಚಿನ್ನದ ಗಣಿ ಕೆಜಿಎಫ್‌ಗೆಂದೇ ಹಾಕಿದ ಹಳಿ ಅದು. ಗಣಿ 2001ರ ಫೆಬ್ರುವರಿ 28ಕ್ಕೆ ಮುಚ್ಚಿತು, ಹಳಿ ಉಳಿಯಿತು. ಈಗ ಬೆಳಕು ಹರಿಯುವ ಮೊದಲೇ ಕೆಜಿಎಫ್‌ನ ಜನ ಅದೇ ಹಳಿಯ ಮೇಲೆ ಬೆಂಗಳೂರಿಗೆ ಕೂಲಿಗೆ, ಕೆಲಸಕ್ಕೆ ಹೋಗಿ, ರಾತ್ರಿ ತೂಕಡಿಸುತ್ತ ವಾಪಸು ಬರುತ್ತಾರೆ.

ಆ ಶನಿವಾರ ಬೆಳಿಗ್ಗೆ ಎಲ್ಲರೂ ಬೆಂಗಳೂರಿನ ಕಡೆ ಹೊರಟಿದ್ದರೆ, ಬೆಂಗಳೂರಿನಿಂದ ಬಂದ ನಾಲ್ಕು ಮಕ್ಕಳು ನನ್ನ ಜೊತೆ ಕೆಜಿಎಫ್ ಗಾಡಿ ಹತ್ತಿದರು. ಮಕ್ಕಳು ಎಂದರೆ ನನ್ನ ಕಣ್ಣಿಗೆ ಮಕ್ಕಳು. ಒಬ್ಬಳು ನನ್ನ ತಂಗಿಯ ಮಗಳು, ಭೌತಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಉಳಿದವರಲ್ಲಿ ಒಬ್ಬ ನೀರಿನ ರಸಾಯನ ನೋಡುವವನು, ಇನ್ನಿಬ್ಬರು ಜೀವವಿಜ್ಞಾನದವರು. ತಿಂಗಳಿಗೊಂದು ಶನಿವಾರ ಇವರು ಯಾವುದಾದರೂ ಊರಿನ ಶಾಲೆಗೆ ಹೋಗಿ ವಿಜ್ಞಾನ ಹೇಳುತ್ತಾರೆ. ರಾತ್ರಿ ಕೂತು ಸರ್ಕಾರದ ಕರಡು ನೀತಿಗಳನ್ನು ಓದಿ, ತಮಗೆ ಕಂಡ ತಪ್ಪು ಒಪ್ಪು ಬರೆದು ಇಲಾಖೆಗೆ ಕಳಿಸುತ್ತಾರೆ. ಸಂಬಳವಿಲ್ಲ, ಭತ್ಯೆಯಿಲ್ಲ. ಹಿಂದಿನ ವಾರ ತಂಗಿಯ ಮಗಳು ಫೋನ್ ಮಾಡಿದ್ದಳು: "ಮಾವ, ಈ ಸಲ ನೀವೂ ಬರಲೇಬೇಕು. ಕೆಜಿಎಫ್ ಮಕ್ಕಳಿಗೆ ತಮಿಳಲ್ಲೂ ಹೇಳಬೇಕಂತೆ, ನಮ್ಮಲ್ಲಿ ಯಾರಿಗೂ ಬರಲ್ಲ."

ಮೂವತ್ತು ವರ್ಷ ಈ ಸೀಮೆಯ ಹೈಸ್ಕೂಲುಗಳಲ್ಲಿ ವಿಜ್ಞಾನ ಹೇಳಿದವನು ನಾನು. ತಮಿಳು, ತೆಲುಗು, ಕನ್ನಡ ಮೂರನ್ನೂ ಬೆರೆಸದೆ ಇಲ್ಲಿ ಪಾಠ ಸಾಗುವುದಿಲ್ಲ. ಮಗು ಮನೆಯಲ್ಲಿ ತಮಿಳು, ಬೀದಿಯಲ್ಲಿ ತೆಲುಗು, ಪುಸ್ತಕದಲ್ಲಿ ಕನ್ನಡ ಕಾಣುತ್ತದೆ. ಮನೆಯ ಮಾತಿನಲ್ಲಿ ಒಮ್ಮೆ ಹೇಳಿದರೆ ಮಗುವಿನ ಮುಖ ಅರಳುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಹಾಗಾಗಿ ಕರೆದ ತಕ್ಷಣ ಹೊರಟೆ.

ಬಂಗಾರಪೇಟೆಗೆ ಬಂದವರನ್ನು ಪಾನಿಪುರಿ ತಿನ್ನಿಸದೆ ಕಳಿಸುವ ರೂಢಿ ನಮ್ಮಲ್ಲಿಲ್ಲ. ಹಿಂದೊಮ್ಮೆ ಈ ಹುಡುಗರು ಬಂದಾಗಲೇ ಆ ಶಾಸ್ತ್ರ ಮುಗಿಸಿದ್ದೆ. ನಮ್ಮೂರ ಪಾನಿ ಹಸಿರೂ ಅಲ್ಲ, ಕಂದೂ ಅಲ್ಲ. ಲೋಟದಲ್ಲಿಟ್ಟರೆ ಕುಡಿಯುವ ನೀರೆಂದೇ ಅನ್ನಬೇಕು, ಅಷ್ಟು ತಿಳಿ. ಬಾಯಿಗಿಟ್ಟರೆ ಖಾರ ನೆತ್ತಿಗೇರುತ್ತದೆ. ಅವತ್ತು ನನ್ನ ಸೊಸೆ (ತಂಗಿಯ ಮಗಳನ್ನು ನಾವು ಹಾಗೆಯೇ ಕರೆಯುವುದು) ಕಣ್ಣು ಒರೆಸಿಕೊಳ್ಳುತ್ತ, "ಮಾವ, ನನಗೆ ನ್ಯೂಟ್ರಿನೊ ಪಾಠ ಸಿಕ್ಕಿತು" ಎಂದಳು. ಏನು ಹೇಳುತ್ತಿದ್ದಾಳೆಂದು ಆಗ ನನಗೆ ತಿಳಿಯಲಿಲ್ಲ. ಈ ಶನಿವಾರ ತಿಳಿಯಿತು.

ಶಾಲೆಯ ಮೇಜಿನ ಮೇಲೆ ಅವಳು ಎರಡು ಲೋಟ ಇಟ್ಟಳು. ಎರಡರಲ್ಲೂ ತಿಳಿನೀರು. ಒಬ್ಬ ಹುಡುಗನನ್ನು ಕರೆದು ಎರಡನ್ನೂ ಒಂದೊಂದು ಚಮಚ ಕುಡಿಸಿದಳು. ಮೊದಲನೆಯದಕ್ಕೆ ಸುಮ್ಮನಿದ್ದ, ಎರಡನೆಯದಕ್ಕೆ "ಅಯ್ಯೋ ಪಾನಿ!" ಎಂದು ಕೂಗಿದ. ಇಡೀ ತರಗತಿ ನಕ್ಕಿತು. "ಕಣ್ಣಿಗೆ ಎರಡೂ ಒಂದೇ ಥರ ಇತ್ತಲ್ಲ? ನಾಲಗೆ ಇಲ್ಲದಿದ್ದರೆ ಗೊತ್ತಾಗ್ತಿತ್ತಾ?" ಎಂದು ಕೇಳಿದಳು. "ಹಾಗೇ ಒಂದು ಕಣ ಇದೆ. ನ್ಯೂಟ್ರಿನೊ ಅಂತ. ಈಗ ನಿಮ್ಮ ಮೈಯೊಳಗಿಂದ ಸೆಕೆಂಡಿಗೆ ಲಕ್ಷ ಕೋಟಿಗಟ್ಟಲೆ ಹಾದು ಹೋಗ್ತಿವೆ. ಕಾಣಲ್ಲ, ಮುಟ್ಟಲ್ಲ, ನೋಯಿಸಲ್ಲ. ಅದನ್ನು ಹಿಡಿಯೋಕೆ ಬೇರೆ ಥರದ ನಾಲಗೆ ಬೇಕು. ಅಂಥದ್ದೊಂದನ್ನು ನಿಮ್ಮ ಊರಿನ ಕೆಳಗೆ ಇಟ್ಟಿದ್ದರು."

ಮಕ್ಕಳು ತಮ್ಮ ಕಾಲ ಕೆಳಗಿನ ನೆಲ ನೋಡಿದವು. ನಾನು ಅದನ್ನೇ ತಮಿಳಿನಲ್ಲಿ ಇನ್ನೊಮ್ಮೆ ಹೇಳಿದೆ.

ಆ ಕತೆಯನ್ನು ನಿಮಗೂ ಹೇಳುತ್ತೇನೆ, ಈ ಜಿಲ್ಲೆಯವರಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಆಕಾಶದಿಂದ ಹಗಲೂ ರಾತ್ರಿ ಕಣಗಳ ಮಳೆ ಸುರಿಯುತ್ತಿರುತ್ತದೆ, ಅದಕ್ಕೆ ವಿಶ್ವಕಿರಣ ಎನ್ನುತ್ತಾರೆ. ಆ ಮಳೆಯ ಸದ್ದಿನಲ್ಲಿ ನ್ಯೂಟ್ರಿನೊದ ಪಿಸುಮಾತು ಕೇಳಿಸುವುದಿಲ್ಲ. ಅದಕ್ಕೆ ನೆಲದಾಳಕ್ಕೆ ಇಳಿಯಬೇಕು, ತಲೆಯ ಮೇಲೆ ಕಿಲೋಮೀಟರುಗಟ್ಟಲೆ ಬಂಡೆ ಇರಬೇಕು. ಬಂಡೆ ಉಳಿದೆಲ್ಲವನ್ನೂ ಸೋಸಿಬಿಡುತ್ತದೆ, ನ್ಯೂಟ್ರಿನೊ ಮಾತ್ರ ಇಳಿದು ಬರುತ್ತದೆ. ಅಷ್ಟು ಆಳದ ತೂತು ಜಗತ್ತಿನಲ್ಲಿ ಇದ್ದದ್ದೇ ಕೆಲವು ಕಡೆ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ಅಂಥದ್ದು, ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಅಲ್ಲಿ ಸುಮಾರು 2.3 ಕಿಲೋಮೀಟರ್ ಕೆಳಗೆ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕ ಸಿಟಿ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯ ಮೂರೂ ಸೇರಿ ಉಪಕರಣ ಹೂಡಿದವು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊವಿನ ಗುರುತು 1965ರಲ್ಲಿ ಅಲ್ಲಿ ಸಿಕ್ಕಿತು. ಅದೇ ವರ್ಷ ದಕ್ಷಿಣ ಆಫ್ರಿಕಾದ ಒಂದು ಚಿನ್ನದ ಗಣಿಯಲ್ಲೂ ಇನ್ನೊಂದು ತಂಡಕ್ಕೆ ಸಿಕ್ಕಿತು. ಜಗತ್ತಿನಲ್ಲಿ ಮೊದಲು ಕಂಡದ್ದು ಈ ಎರಡು ಕಡೆ. ಮುಂದೆ 1980ರಲ್ಲಿ ಪ್ರೋಟಾನ್ ಒಡೆಯುತ್ತದೆಯೇ ಎಂದು ನೋಡಲು 140 ಟನ್ನಿನ ಕಬ್ಬಿಣದ ಉಪಕರಣವನ್ನೇ ಕೆಳಗೆ ಜೋಡಿಸಿದರು.

ಇದಕ್ಕೆಲ್ಲ ದಾರಿ ಹಾಕಿದವರು ನಂಜನಗೂಡಿನಲ್ಲಿ ಹುಟ್ಟಿದ ಬಿ. ವಿ. ಶ್ರೀಕಂಠನ್. ಹೋಮಿ ಭಾಭಾ ಅವರ ಮಾತಿನಂತೆ 1950ರ ದಶಕದ ಮೊದಲಲ್ಲೇ ಕೆಜಿಎಫ್‌ಗೆ ಬಂದು, ಆಳ ಹೆಚ್ಚಿದಂತೆ ಕಣಗಳು ಎಷ್ಟು ಕಡಿಮೆಯಾಗುತ್ತವೆ ಎಂದು ಅಳೆದರು. ಆಗ ಅವರಿಗೆ ಇಪ್ಪತ್ತೈದು, ಇಪ್ಪತ್ತಾರು ವರ್ಷ. ನಮ್ಮ ಹುಡುಗಿಗೂ ಈಗ ಅದೇ ವಯಸ್ಸು. 1965ರ ತಂಡದ ಇನ್ನೊಬ್ಬ ಹಿರಿಯರು ಮಂಗಳೂರಿನಲ್ಲಿ ಹುಟ್ಟಿದ ಎಂ. ಜಿ. ಕೆ. ಮೆನನ್. ಅವರು ಮುಂದೆ ಪ್ರಧಾನಿಯ ವೈಜ್ಞಾನಿಕ ಸಲಹೆಗಾರರಾದರು, 1989ರಲ್ಲಿ ವಿಜ್ಞಾನ ಖಾತೆಯ ರಾಜ್ಯ ಸಚಿವರೂ ಆದರು. ಗಣಿಯ ಆಳದಲ್ಲಿ ಕಣ ಹುಡುಕಿದವರು ದೆಹಲಿಯಲ್ಲಿ ಕುಳಿತು ದೇಶದ ವಿಜ್ಞಾನ ನೀತಿಯನ್ನೂ ರೂಪಿಸಿದರು ಎನ್ನುವುದನ್ನು ಇವತ್ತಿನ ಯುವ ಸಂಶೋಧಕರಿಗೆ ಒತ್ತಿ ಹೇಳಬೇಕು ಅನ್ನಿಸುತ್ತದೆ. ನೀತಿಯ ಮಾತು ಪ್ರಯೋಗಾಲಯದವರಿಗೆ ಹೊರಗಿನದಲ್ಲ.

ಶಾಲೆಯ ವಿಷಯಕ್ಕೆ ಬರೋಣ. ಮೊಮ್ಮಗಳನ್ನು ಬಿಡಲು ಬಂದಿದ್ದ ಒಬ್ಬ ತಾತ ಹಿಂದಿನ ಬೆಂಚಿನಲ್ಲೇ ಕೂತುಬಿಟ್ಟಿದ್ದರು. ಗಣಿಯಲ್ಲಿ ದುಡಿದವರು. ಪಾಠ ಮುಗಿದ ಮೇಲೆ ಎದ್ದು ನಿಂತು, "ಆ ಕಬ್ಬಿಣದ ತಗಡು ಕೇಜಿನಲ್ಲಿ ಇಳಿಸಿದವರಲ್ಲಿ ನಾನೂ ಒಬ್ಬ" ಎಂದರು. ಕೇಜು ಎಷ್ಟು ಜೋರಾಗಿ ಇಳಿಯುತ್ತಿತ್ತು, ಕಿವಿ ಹೇಗೆ ಕಟ್ಟಿಕೊಳ್ಳುತ್ತಿತ್ತು, ಕೆಳಗಿನ ಬಂಡೆ ಮುಟ್ಟಿದರೆ ಎಷ್ಟು ಬಿಸಿ ಎಂದೆಲ್ಲ ಹೇಳಿದರು. ಆಮೇಲೆ ಏರ್ ಬ್ಲಾಸ್ಟಿನ ಮಾತು ಬಂತು. ಒತ್ತಡ ತಾಳಲಾರದೆ ಬಂಡೆ ಸಿಡಿಯುವುದಕ್ಕೆ ಇಲ್ಲಿಯವರು ಹಾಗೆನ್ನುತ್ತಾರೆ. ಮೇಲೆ ಮನೆಯ ಪಾತ್ರೆಗಳು ಗಲಗಲ ಅಂದರೆ ಹೆಂಗಸರು ಶಾಫ್ಟಿನ ಕಡೆ ಓಡುತ್ತಿದ್ದರಂತೆ. "ನಿಮ್ಮ ಕಣ ಸದ್ದಿಲ್ಲದೆ ಬರುತ್ತೆ ಅಂತೀರಮ್ಮ. ನಮಗೆ ಬಂದಿದ್ದೆಲ್ಲ ಸದ್ದು ಮಾಡಿಕೊಂಡೇ ಬಂತು" ಎಂದರು. ನಾಲ್ವರೂ ನೋಟ್‌ಬುಕ್ ತೆಗೆದು ಬರೆದುಕೊಂಡರು. ಹೇಳಲು ಬಂದವರು ಕೇಳಲು ಕೂತದ್ದು ನನಗೆ ತುಂಬ ಹಿಡಿಸಿತು.

ಆಮೇಲೆ ತಾತ ಕಿಟಕಿಯ ಕಡೆ ಕೈ ತೋರಿಸಿ ಕೇಳಿದರು: "ಆ ಸೈನೈಡ್ ಗುಡ್ಡ ಮತ್ತೆ ತೋಡ್ತಾರಂತಲ್ಲ. ದೂಳು ಎಲ್ಲಿ ಹೋಗುತ್ತೆ?"

ಕೆಜಿಎಫ್ ನೋಡದವರಿಗೆ ಇದನ್ನು ಹೇಳಬೇಕು. ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಪುಡಿಯನ್ನು ನೂರು ವರ್ಷ ರಾಶಿ ಹಾಕಿದ್ದಾರೆ. ಊರಿನ ನಡುವೆಯೇ ಬೂದುಬಣ್ಣದ ಗುಡ್ಡಗಳು ಎದ್ದಿವೆ. ಗಾಳಿ ಬೀಸಿದರೆ ಒಣಹಾಕಿದ ಬಟ್ಟೆಯ ಮೇಲೆ, ಮುಚ್ಚದ ಅನ್ನದ ಮೇಲೆ ಆ ಪುಡಿ ಕೂರುತ್ತದೆ. ಸಾವಿರ ಎಕರೆಯಷ್ಟು ಜಾಗದಲ್ಲಿರುವ ಇಂಥ 13 ದಿಬ್ಬಗಳಲ್ಲಿ ಉಳಿದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಕೆಲಸ ಸಿಗುತ್ತದೆಂದು ಕೆಲವರಿಗೆ ಆಸೆ, ದೂಳೆದ್ದರೆ ಏನು ಗತಿ ಎಂದು ಕೆಲವರಿಗೆ ಭಯ. ಒಂದೇ ಮನೆಯಲ್ಲಿ ಎರಡೂ ಇವೆ.

ನಮ್ಮ ಹುಡುಗಿ ತಾತನಿಗೆ ಹೇಳಿದ್ದು ಇಷ್ಟೇ: "ನನಗೆ ಗೊತ್ತಿಲ್ಲ ತಾತ. ತಿಳಿದವರನ್ನು ಕೇಳಿಕೊಂಡು ಬರ್ತೀನಿ." ಅವತ್ತಿನ ಪಾಠದಲ್ಲಿ ನನಗೆ ಎಲ್ಲಕ್ಕಿಂತ ಮೇಲೆಂದು ಕಂಡದ್ದು ಈ ಮಾತು. ಮುಂದಿನ ತಿಂಗಳು ಕೇಳಿಕೊಂಡು ಬಂದಳು ಕೂಡ. ಸೈನೈಡ್ ಬಿಸಿಲು ಗಾಳಿಗೆ ಕಾಲಕ್ರಮೇಣ ಬಹುಪಾಲು ಒಡೆದುಹೋಗುತ್ತದೆ. ಹೆಸರು ಕೇಳಿಯೇ ನಡುಗಬೇಕಿಲ್ಲ. ಆದರೆ ಗಣಿಪುಡಿಯಲ್ಲಿರುವ ನುಣ್ಣನೆಯ ಸಿಲಿಕಾ ಒಡೆಯುವುದಿಲ್ಲ, ಶ್ವಾಸಕೋಶಕ್ಕೆ ಹೊಕ್ಕರೆ ಹೊರಗೆ ಬರುವುದಿಲ್ಲ. ಸಿಲಿಕೋಸಿಸ್ ಏನೆಂದು ಗಣಿಯ ಮನೆಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಸೈನೈಡಿನದಕ್ಕಿಂತ ದೂಳಿನದು: ತೋಡುವಾಗ ನೀರು ಹೊಡೆಯುತ್ತಾರೆಯೇ, ದೂಳನ್ನು ಯಾರು ಅಳೆಯುತ್ತಾರೆ, ಅಳತೆಯನ್ನು ಊರಿಗೆ ತೋರಿಸುತ್ತಾರೆಯೇ? ತಾತನ ಪ್ರಶ್ನೆಯೇ ಸರಿಯಿತ್ತು.

ನೀತಿ ಎಂದರೆ ಇದೇ ನೋಡಿ. ದೊಡ್ಡ ಗಣಿ ಯೋಜನೆಗಳಿಗೆ ಪರಿಸರದ ಅನುಮತಿ ಕೊಡುವ ಮುಂಚೆ ಸಾರ್ವಜನಿಕ ಅಹವಾಲು ಸಭೆ ನಡೆಸಬೇಕು, ವರದಿಯ ಸಾರಾಂಶವನ್ನು ಸ್ಥಳೀಯ ಭಾಷೆಯಲ್ಲೂ ಕೊಡಬೇಕು ಎಂದು 2006ರ ಅಧಿಸೂಚನೆ ಹೇಳುತ್ತದೆ. ಸಾರಾಂಶ ಕೆಲವೇ ಪುಟ, ಪೂರ್ತಿ ವರದಿ ನೂರಾರು ಪುಟ. ಪೂರ್ತಿ ವರದಿಯಲ್ಲಿ ಏನಿದೆ ಎಂದು ಊರವರ ಪಕ್ಕ ಕೂತು ಓದಿ ಹೇಳುವವರು ಬೇಕು. ಯೋಜನೆಯ ಪರವಾಗಿಯೂ ಅಲ್ಲ, ವಿರೋಧವಾಗಿಯೂ ಅಲ್ಲ, ಇದ್ದದ್ದನ್ನು ಇದ್ದ ಹಾಗೆ.

ಹಾಗೆ ಹೇಳುವವರು ಹೊತ್ತಿಗೆ ಸರಿಯಾಗಿ ಇಲ್ಲದಿದ್ದರೆ ಏನಾಗುತ್ತದೆ ಎನ್ನುವುದಕ್ಕೂ ಕೆಜಿಎಫ್‌ನ ನಂಟಿನದೇ ಉದಾಹರಣೆ ಇದೆ. ಇಲ್ಲಿನ ಪ್ರೋಟಾನ್ ಪ್ರಯೋಗದಲ್ಲಿ ದುಡಿದ ನಬ ಕೆ. ಮಂಡಲ್ ಮುಂದೆ ತಮಿಳುನಾಡಿನ ತೇನಿ ಜಿಲ್ಲೆಯ ಬೆಟ್ಟದೊಳಗೆ ನ್ಯೂಟ್ರಿನೊ ವೀಕ್ಷಣಾಲಯ ಕಟ್ಟುವ ಯೋಜನೆಯನ್ನು ಮುನ್ನಡೆಸಿದರು. 2015ರ ಜನವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿತು. ನ್ಯೂಟ್ರಿನೊದಿಂದ ವಿಕಿರಣ ಬರುತ್ತದಂತೆ, ಬೆಟ್ಟ ಸಿಡಿಸಿದರೆ ಅಣೆಕಟ್ಟು ಬಿರುಕು ಬಿಡುತ್ತದಂತೆ ಎಂಬ ಭಯ ಊರೂರಿಗೆ ಹಬ್ಬಿತು. ವಿಜ್ಞಾನಿಗಳು ಹೋಗಿ ವಿವರಿಸಿದರು, ಆದರೆ ಅಷ್ಟರಲ್ಲಿ ನಂಬಿಕೆ ಮುರಿದಿತ್ತು. ಪ್ರಕರಣ ನ್ಯಾಯಾಲಯಕ್ಕೆ ಹೋಯಿತು, ಯೋಜನೆ ಮುಂದೆ ಸಾಗಲಿಲ್ಲ. ನೀರು, ಕಾಡಿನ ಬಗ್ಗೆ ಜನ ಕೇಳಿದ ಪ್ರಶ್ನೆಗಳಲ್ಲಿ ತಪ್ಪೇನಿರಲಿಲ್ಲ. ನ್ಯೂಟ್ರಿನೊದ ಭಯವನ್ನಾದರೂ, ಕೆಜಿಎಫ್‌ನಲ್ಲಿ ಇಷ್ಟು ವರ್ಷ ಅದನ್ನು ಹುಡುಕಿದರು, ಯಾರಿಗೂ ಏನೂ ಆಗಲಿಲ್ಲ ಎಂಬ ಒಂದು ಮಾತಿನಿಂದ ಮೊದಲೇ ಕಳೆಯಬಹುದಿತ್ತು. ಆ ಮಾತನ್ನು ಹೇಳಲು ಇಲ್ಲಿನ ಒಬ್ಬ ಗಣಿ ಕಾರ್ಮಿಕನೇ ತೇನಿಗೆ ಹೋಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ನೀರಿನ ಹುಡುಗನದು ಇನ್ನೊಂದು ಪಾಡು. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂತು. ಬತ್ತಿದ ಕೆರೆಯಲ್ಲಿ ನೀರು ಕಂಡು ಜನ ಕಣ್ತುಂಬಿಕೊಂಡರು, ಕೆಲವೇ ದಿನದಲ್ಲಿ ನೊರೆ ಕಂಡು ಹೆದರಿದರು, ಹೈಕೋರ್ಟ್ ಸ್ವಲ್ಪ ಕಾಲ ತಡೆಯನ್ನೂ ಕೊಟ್ಟಿತು. ಎರಡು ಹಂತದ ಸಂಸ್ಕರಣೆ ಸಾಕೋ, ಮೂರನೇ ಹಂತವೂ ಬೇಕೋ ಎಂಬ ವಾದ ಇನ್ನೂ ಮುಗಿದಿಲ್ಲ. ಇವನು ಹೋದ ಹಳ್ಳಿಗಳಲ್ಲೆಲ್ಲ ಹೆಂಗಸರು ಕೇಳುವುದು ಒಂದೇ: "ಬೋರಿನಲ್ಲಿ ನೀರು ಬಂತಪ್ಪ, ಅದನ್ನ ಮಗೂಗೆ ಕುಡಿಸಬಹುದಾ?" ಫ್ಲೋರೈಡಿನಿಂದ ಹಲ್ಲು ಕಂದಿದ ಸೀಮೆಯ ತಾಯಂದಿರ ಪ್ರಶ್ನೆ ಅದು. ಸಂಶೋಧನಾ ಲೇಖನ ಅದಕ್ಕೆ ಉತ್ತರವಲ್ಲ. ಆ ಬೋರಿನ ನೀರು ಪರೀಕ್ಷಿಸಿ, ಕನ್ನಡದಲ್ಲಿ ಒಂದು ಚೀಟಿ ಬರೆದುಕೊಟ್ಟರೆ ಅದು ಉತ್ತರ.

ಇದೇನು ಹೊಸ ಕೆಲಸವಲ್ಲ. ಆಗ ಕೋಲಾರ ಜಿಲ್ಲೆಗೇ ಸೇರಿದ್ದ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ, ದೊಡ್ಡ ದೊಡ್ಡ ವಿಜ್ಞಾನಿಗಳನ್ನು ಸಾಮಾನ್ಯರ ಮುಂದೆ ಮಾತಾಡಿಸಿದರು. 2020ರಲ್ಲಿ ಕೋವಿಡ್ ಬಂದಾಗ ದೇಶದ ನೂರಾರು ಸಂಶೋಧಕರು ತಾವಾಗಿಯೇ ಒಂದುಗೂಡಿ ಸುಳ್ಳು ಸುದ್ದಿಗಳನ್ನು ಬಿಡಿಸಿ ಹೇಳಿದರು, ಮಾಹಿತಿಯನ್ನು ನಮ್ಮ ಭಾಷೆಗಳಿಗೆ ತಂದರು. ಅವರಲ್ಲಿ ಪಿಎಚ್‌ಡಿ ಮುಗಿಸದ ಹುಡುಗರೂ ಇದ್ದರು.

ವಾಪಸು ಬರುವಾಗ ಗಾಡಿಯಲ್ಲಿ ನನ್ನ ಸೊಸೆ ಸುಸ್ತಾಗಿ ಕಿಟಕಿಗೆ ತಲೆ ಒರಗಿಸಿದ್ದಳು. "ಸೋಮವಾರ ಲ್ಯಾಬಿನಲ್ಲಿ ಏನಂತಾರೆ?" ಎಂದೆ. "ಏನೂ ಅನ್ನಲ್ಲ ಮಾವ. ಇದನ್ನೆಲ್ಲ ಯಾರೂ ಲೆಕ್ಕಕ್ಕೆ ಹಿಡಿಯಲ್ಲ, ಅಷ್ಟೆ" ಎಂದಳು. ಆ ಮಾತು ನನ್ನನ್ನು ಇನ್ನೂ ಕೊರೆಯುತ್ತಿದೆ. ಫೆಲೋಶಿಪ್ಪಿನ ದುಡ್ಡಿನಲ್ಲೇ ಟಿಕೆಟ್, ರಜೆಯ ದಿನದಲ್ಲೇ ಪಾಠ, ನಿದ್ದೆಯ ಹೊತ್ತಿನಲ್ಲೇ ಕರಡು ನೀತಿಗೆ ಟಿಪ್ಪಣಿ. ವಿಜ್ಞಾನಿಗಳ ಸಾಮಾಜಿಕ ಹೊಣೆಯ ಬಗ್ಗೆ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2022ರಲ್ಲಿ ಹೊರಡಿಸಿದ ಮಾರ್ಗಸೂಚಿ, ಪ್ರತಿಯೊಬ್ಬರೂ ವರ್ಷಕ್ಕೆ ಕನಿಷ್ಠ 10 ದಿನ ಸಮಾಜಕ್ಕೆ ಕೊಡಬೇಕೆನ್ನುತ್ತದೆ. ಆ 10 ದಿನವನ್ನು ಮೊದಲು ಕೊಡುತ್ತಿರುವವರು ಕೆಲಸ ಕಾಯಂ ಆಗದ, ಕೈ ಬರಿದಾಗಿರುವ ಈ ಚಿಕ್ಕವರು. ಹಿರಿಯರಲ್ಲಿ ನನ್ನ ವಿನಂತಿ ಇದು: ಅವರ ಟಿಕೆಟ್ಟಿನ ದುಡ್ಡು ಕೊಡಿ. ಆ ದಿನಗಳನ್ನು ರಜೆಯೆಂದಲ್ಲ, ಕೆಲಸವೆಂದೇ ಬರೆದುಕೊಳ್ಳಿ. ಕೆಲಸಕ್ಕೆ ಆರಿಸುವಾಗ ಲೇಖನಗಳ ಪಕ್ಕದಲ್ಲಿ ಇದನ್ನೂ ಇಟ್ಟು ತೂಗಿ.

ಯುವ ಸಂಶೋಧಕರಿಗೆ ನನ್ನ ಮಾತು ಇನ್ನೂ ಚಿಕ್ಕದು. ಒಂದು ಶನಿವಾರ ಬನ್ನಿ. ಬಂಗಾರಪೇಟೆಯಲ್ಲಿ ಇಳಿದು ಮಾರಿಕುಪ್ಪಂ ಗಾಡಿ ಹತ್ತಿ. ತಮಿಳು, ತೆಲುಗಿಗೆ ನಾನಿದ್ದೇನೆ. ಬರುವಾಗ ಒಂದು ನೋಟ್‌ಬುಕ್ ತನ್ನಿ, ಇಲ್ಲಿಯವರ ಹತ್ತಿರ ಪ್ರಶ್ನೆಗಳು ಬಹಳ ಇವೆ.