ಶಬರಿಮಲೆಯಿಂದ ಬಂದ ಗಡ್ಡ

ಜನವರಿ ಮೂರನೇ ವಾರದ ಬುಧವಾರ ಬೆಳಗ್ಗೆ. ನಿನ್ನೆ ಮಂಗಳವಾರ, ಹಾಸನದ ಸಲೂನುಗಳಿಗೆ ರಜೆ. ಹಾಗಾಗಿ ಇವತ್ತು ಎಂಟು ಗಂಟೆಗೇ ಬೆಂಚು ಭರ್ತಿ. ಮಕರಜ್ಯೋತಿ ನೋಡಿ ಬಂದವರೇ ಹೆಚ್ಚು: ಕಪ್ಪು ಪಂಚೆ ಹೋಗಿ ಪ್ಯಾಂಟು ಬಂದಿದೆ, ಕೊರಳಿನ ಮಾಲೆ ಇಳಿದಿದೆ, ಗಡ್ಡ ಒಂದು ಬಾಕಿ. ನಿಮ್ಮದೂ ಅದೇ ಕಥೆ. ನಲವತ್ತೊಂದು ದಿನದ ವ್ರತ, ಆಮೇಲೆ ಯಾತ್ರೆ. ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಬೆಳೆಯುವ ಗಡ್ಡ ಈಗ ಒಂದೂವರೆಯಾಗಿದೆ. ಕೆರೆತ ಬೇರೆ.

‘ಬನ್ನಿ ಸ್ವಾಮಿ, ಪೂರ್ತಿ ತೆಗೆಯೋದಾ?’

ಕುರ್ಚಿಗೆ ಒರಗುತ್ತೀರಿ. ಕನ್ನಡಿಯ ಮೇಲೆ ಕ್ಷೌರಿಕ ಸಮುದಾಯದವರು ಆರಾಧಿಸುವ ಸವಿತಾ ಮಹರ್ಷಿಯ ಪಟ, ಅದಕ್ಕೆ ಈಗಷ್ಟೇ ಹಾಕಿದ ಸೇವಂತಿಗೆ ಹಾರ. ರಥಸಪ್ತಮಿಗೆ ಜಯಂತಿ ಬರುತ್ತದೆ, ತಯಾರಿ ಶುರುವಾಗಿರಬೇಕು. ಕ್ಷೌರಿಕರ ಬೆರಳು ನಿಮ್ಮ ಗಡ್ಡದೊಳಗೆ ಇಳಿಯುತ್ತದೆ. ಬಿಳಿ ಹೊಟ್ಟು ಉದುರುತ್ತದೆ. ನಾಚಿಕೆ ಬೇಡ, ತಲೆಯಲ್ಲಿ ಹೊಟ್ಟು ಎಬ್ಬಿಸುವ ಶಿಲೀಂಧ್ರವೇ ಗಡ್ಡದ ಬುಡದ ಜಿಡ್ಡನ್ನೂ ತಿಂದು ಬದುಕುತ್ತದೆ.

ಕತ್ತಿ ಇನ್ನೂ ಹೊರಗೆ ಬಂದಿಲ್ಲ. ಬರಲೂಬಾರದು. ಮೊದಲು ಬಾಚಣಿಗೆಯ ಮೇಲೆ ಕತ್ತರಿ, ಆಮೇಲೆ ಒಣಗಡ್ಡದ ಮೇಲೇ ಟ್ರಿಮ್ಮರ್. ಉದ್ದ ಕೂದಲಿಗೆ ನೇರ ಬ್ಲೇಡು ಹಾಕಿದರೆ ಅದು ಕೊಯ್ಯುವ ಮುಂಚೆ ಎಳೆಯುತ್ತದೆ. ಕಣ್ಣಲ್ಲಿ ನೀರು ಬರುವುದು ಆ ಎಳೆತಕ್ಕೆ. ಮಡಿಲ ಬಟ್ಟೆಯ ಮೇಲೆ ಕಪ್ಪು ಕೂದಲು ಗುಡ್ಡೆಯಾಗುತ್ತದೆ, ನಡುವೆ ಒಂದೆರಡು ಬೆಳ್ಳಿ ಎಳೆ. ಅದನ್ನು ನೀವೂ ನೋಡುತ್ತೀರಿ, ಪಕ್ಕದ ಕುರ್ಚಿಯವನೂ ನೋಡುತ್ತಾನೆ.

ಈಗ ಬಿಸಿನೀರಿನಲ್ಲಿ ಹಿಂಡಿದ ಟವೆಲ್ ಮುಖದ ಮೇಲೆ. ಹಾಸನದ ಚಳಿಯಲ್ಲಿ ಇದೇ ಒಂದು ಸುಖ. ನೀರು ಕುಡಿದು ಕೂದಲು ಉಬ್ಬಿ ಮೆತ್ತಗಾಗಲು ಎರಡು ಮೂರು ನಿಮಿಷ ಬೇಕು. ಬೆಂಚಿನ ಮೇಲೆ ಜನ ಕಾಯುತ್ತಿರುವಾಗ ಮೊದಲು ಕತ್ತರಿ ಬೀಳುವುದು ಈ ನಿಮಿಷಗಳಿಗೇ. ‘ಇನ್ನೊಂದು ಚೂರು ಇರಲಿ’ ಅಂತ ಟವೆಲಿನ ಒಳಗಿಂದಲೇ ಹೇಳಿ. ನಂತರ ಬ್ರಶ್ಶು ಗುಂಡಗೆ ತಿರುಗುತ್ತಾ ಮಲಗಿದ ಕೂದಲನ್ನು ಎಬ್ಬಿಸಿ ನೊರೆ ತುಂಬುತ್ತದೆ. ಬ್ರಶ್ಶು ಮನೆಯಿಂದ ತಂದಿದ್ದರೆ ಇನ್ನೂ ಒಳ್ಳೆಯದು.

ಕಾಗದದೊಳಗೇ ಬ್ಲೇಡನ್ನು ಟಪ್ಪೆಂದು ಎರಡು ಮಾಡಿ ಅರ್ಧವನ್ನು ಹಿಡಿಗೆ ಸಿಕ್ಕಿಸುತ್ತಾರೆ. ಕಣ್ಣು ಮುಚ್ಚಬೇಡಿ, ನೋಡಿ. ಹಳೇ ಬ್ಲೇಡಿನಲ್ಲಿ ಉಳಿದ ರಕ್ತದಿಂದ ಹೆಪಟೈಟಿಸ್ ಬಿ ದಾಟಬಹುದು. ಹೊಸದು ಹಾಕಿ ಎನ್ನಲು ಸಂಕೋಚ ಬೇಕಿಲ್ಲ.

ಎಡಗೈ ಕೆನ್ನೆಯನ್ನು ಕಿವಿಯ ಕಡೆಗೆ ಬಿಗಿಯುತ್ತದೆ. ಕತ್ತಿ ಸುಮಾರು ಮೂವತ್ತು ಡಿಗ್ರಿ ಬಾಗಿ ಮೇಲಿಂದ ಕೆಳಕ್ಕೆ ಜಾರುತ್ತದೆ. ಸರ್... ಸರ್... ಜಾರಿದಲ್ಲೆಲ್ಲ ತಂಗಾಳಿ ತಾಗುತ್ತದೆ. ಕೆನ್ನೆ ಸುಲಭ. ಗಂಟಲಿಗೆ ಬಂದಾಗ ಕೈ ನಿಧಾನವಾಗುತ್ತದೆ, ಯಾಕೆಂದರೆ ಅಲ್ಲಿ ಕೂದಲಿಗೆ ಒಂದೇ ದಿಕ್ಕಿಲ್ಲ: ಒಂದು ಕಡೆ ಕೆಳಕ್ಕೆ, ಒಂದು ಕಡೆ ಅಡ್ಡಕ್ಕೆ, ಕೆಲವರಿಗೆ ಸುಳಿ. ಬೆರಳಲ್ಲಿ ಸವರಿ ದಿಕ್ಕು ತಿಳಿದೇ ಅವರು ಬ್ಲೇಡು ಇಡುತ್ತಾರೆ. ಉಗುಳು ನುಂಗಬೇಡಿ.

‘ಉಲ್ಟಾ ಒಂದು ರೌಂಡ್ ಹೊಡೀಲಾ?’

ಬೇಡ ಅನ್ನಿ. ಇವತ್ತಿನ ಕ್ಷೌರದಲ್ಲಿ ನೀವು ತೆಗೆದುಕೊಳ್ಳುವ ಮುಖ್ಯ ತೀರ್ಮಾನ ಇದೊಂದೇ. ಎದುರು ದಿಕ್ಕಿನಲ್ಲಿ ಕೆರೆದರೆ ಕೂದಲು ಚರ್ಮದ ಮಟ್ಟಕ್ಕಿಂತ ಕೆಳಗೆ ತುಂಡಾಗುತ್ತದೆ. ಮತ್ತೆ ಬೆಳೆಯುವಾಗ, ಗುಂಗುರು ಕೂದಲಾದರೆ ಇನ್ನೂ ಹೆಚ್ಚಾಗಿ, ಹೊರಬರುವ ಬದಲು ಒಳಗೇ ಚುಚ್ಚಿ ಕೆಂಪು ಗುಳ್ಳೆ ಏಳಿಸುತ್ತದೆ. ಒಂದೂವರೆ ತಿಂಗಳು ಬ್ಲೇಡು ಕಾಣದ ಚರ್ಮಕ್ಕೆ ಒಂದು ಸುತ್ತು ಸಾಕು. ಸಂಜೆ ಸ್ವಲ್ಪ ಒರಟು ತಾಗಿದರೆ ತಾಗಲಿ.

ತಣ್ಣೀರು, ಮೇಲೆ ಪಟಿಕದ ಕಲ್ಲು. ಚುರ್ರ್ ಎಂದ ಜಾಗದಲ್ಲಿ ಗೀರಾಗಿದೆ ಎಂದರ್ಥ; ಪಟಿಕ ಅದನ್ನು ಬಿಗಿದು ರಕ್ತ ನಿಲ್ಲಿಸುತ್ತದೆ. ಅವರ ಕೈ ಹಸಿರು ಲೋಷನ್ ಬಾಟಲಿಗೆ ಹೋಗುತ್ತದೆ. ಅದೂ ಬೇಡ, ಆಲ್ಕೋಹಾಲ್ ಇರುವ ಲೋಷನ್ ಚರ್ಮವನ್ನು ಒಣಗಿಸುತ್ತದೆ. ಆಮೇಲೆ ಎರಡೂ ಕೈ ನಿಮ್ಮ ಗದ್ದ ಹಿಡಿದು ಕತ್ತು ಲಟಕ್ಕೆನಿಸಲು ಸಜ್ಜಾದರೆ ತಟ್ಟನೆ ಎದ್ದುಬಿಡಿ. ಅಪರೂಪಕ್ಕಾದರೂ ಆ ತಿರುವಿಗೆ ಕತ್ತಿನ ರಕ್ತನಾಳ ಹರಿದು ಪಾರ್ಶ್ವವಾಯು ಬರುವುದುಂಟು.

ಕನ್ನಡಿಯಲ್ಲಿ ಎರಡು ಬಣ್ಣದ ಮುಖ. ಹಣೆ, ಮೂಗು ಬೆಟ್ಟದ ಬಿಸಿಲಿಗೆ ಕಪ್ಪಾಗಿವೆ. ಗಡ್ಡವಿದ್ದ ಜಾಗ ಸುಲಿದ ಬಾಳೆಹಣ್ಣಿನಂತೆ ಬಿಳುಚಿಕೊಂಡಿದೆ. ನೀವು ನಗುತ್ತೀರಿ, ಬೆಂಚೂ ನಗುತ್ತದೆ. ಬಿಸಿಲು ಮರೆತಿರುವ ಈ ಜಾಗ ಬೇಗ ಸುಡುತ್ತದೆ, ಒಂದೆರಡು ವಾರ ಹೊರಗೆ ಹೋಗುವಾಗ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಹಚ್ಚಿ. ಮನೆಗೆ ಹೋಗಿ ಸ್ನಾನ ಮಾಡಿ, ಮುಖ ಇನ್ನೂ ಒದ್ದೆಯಿರುವಾಗಲೇ ವಾಸನೆಯಿಲ್ಲದ ಮಾಯಿಶ್ಚರೈಸರ್. ಕೊಬ್ಬರಿ ಎಣ್ಣೆ ಎಂದು ಅಮ್ಮ ಹೇಳಬಹುದು. ಮೊಡವೆಯ ಮುಖವಾದರೆ ಅದು ರಂಧ್ರ ಮುಚ್ಚುತ್ತದೆ, ಬಿಡಿ. ಎರಡು ಮೂರು ದಿನ ಮತ್ತೆ ಬ್ಲೇಡು ಮುಟ್ಟಬೇಡಿ.

ಇಷ್ಟಾದರೂ ಗುಳ್ಳೆ ಎದ್ದರೆ ಚಿವುಟಬೇಡಿ. ಮೆಡಿಕಲ್ ಶಾಪಿನಲ್ಲಿ ಯಾರೋ ಕೊಟ್ಟ ಸ್ಟೀರಾಯ್ಡ್ ಟ್ಯೂಬನ್ನಂತೂ ಹಚ್ಚಲೇಬೇಡಿ. ಎರಡು ದಿನ ಕೆಂಪು ಇಳಿಸಿದಂತೆ ಮಾಡಿ ಚರ್ಮವನ್ನೇ ತೆಳ್ಳಗಾಗಿಸುತ್ತದೆ. ವಾರದಲ್ಲಿ ತಗ್ಗದಿದ್ದರೆ, ಅಥವಾ ಕೀವು ಕಂಡರೆ, ಚರ್ಮವೈದ್ಯರಿಗೆ ತೋರಿಸಿ.